ಕೊಬ್ಬರಿ ವಾಸನೆಯ ಆರು ಪ್ಲೇಟುಗಳು

ದನದ ಡಾಕ್ಟರಿಗೆ ಅಮೆರಿಕದ ದನ ಕಾಯುವವರ ಹಾಡು ಯಾಕೆ ಬೇಕು ಎಂದು ನನ್ನ ಹೆಂಡತಿ ವಸುಧಾ ಕೇಳಿ ಎಂಟು ವರ್ಷವಾಯಿತು. ನಾನಿನ್ನೂ ಉತ್ತರ ಕೊಟ್ಟಿಲ್ಲ. ಪ್ರಶ್ನೆ ಕಷ್ಟದ್ದೇನಲ್ಲ, ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಅಷ್ಟೆ. ನಿಮ್ಮ ಹತ್ತಿರ ಹೇಳಬಹುದು. ನಾನು ಮೊದಲನೆಯ ರೆಕಾರ್ಡ್ ಕೊಂಡದ್ದು ಹಾಡಿಗಾಗಿ ಅಲ್ಲ, ಅದರ ರಟ್ಟಿನ ಮೇಲಿದ್ದ ಹಸುವಿಗಾಗಿ.

ತಿಪಟೂರಿನಲ್ಲಿ ನಮ್ಮ ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಾಬು ಸಾಬರ ಗುಜರಿ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟು, ಮುರಿದ ಸೈಕಲ್ಲು, ಯಾರದೋ ಮದುವೆಯಲ್ಲಿ ಬಂದ ಕಬ್ಬಿಣದ ಬೀರು ಎಲ್ಲ ಕೊನೆಗೆ ಅಲ್ಲಿಗೇ ಬರುತ್ತವೆ. ನನಗೆ ಅಲ್ಲಿ ನಿಲ್ಲುವ ಚಟ. ಕೊಳ್ಳುವುದು ಕಡಿಮೆ, ಎತ್ತಿ ನೋಡಿ ಇಡುವುದು ಜಾಸ್ತಿ. ಒಂದು ಭಾನುವಾರ ರದ್ದಿ ಪೇಪರಿನ ಕಟ್ಟಿನ ಮೇಲೆ ಒಂದು ಚೌಕದ ರಟ್ಟು ಬಿದ್ದಿತ್ತು. ಅದರ ಮೇಲೆ ಕೆಂಪು ಮೈ, ಬಿಳಿ ಮುಖದ ಹಸು. ಆ ತಳಿಯನ್ನು ಕಾಲೇಜಿನ ಪುಸ್ತಕದಲ್ಲಿ ಬಿಟ್ಟರೆ ನಾನು ಎಲ್ಲೂ ಕಂಡಿರಲಿಲ್ಲ. ಹಸುವಿನ ಪಕ್ಕದಲ್ಲಿ ಅಗಲ ಟೋಪಿಯವನೊಬ್ಬ ಗಿಟಾರ್ ಹಿಡಿದು ನಗುತ್ತಿದ್ದ. ಅವನ ಕಡೆ ನನ್ನ ಗಮನ ಹೋಗಲಿಲ್ಲ. ಬೆನ್ನು ನೇರವಿದೆಯೇ, ಗೊರಸು ಹೇಗಿದೆ, ಕೆಚ್ಚಲು ಎಷ್ಟು ಇಳಿದಿದೆ ಎಂದು ನೋಡುತ್ತ ನಿಂತೆ.

"ಒಳಗೆ ಪ್ಲೇಟೂ ಐತೆ ಸಾರ್," ಎಂದರು ಬಾಬು ಸಾಬರು. "ಹಾಸನದ ಕಡೆ ಯಾವ್ದೋ ಬಂಗ್ಲೆದು. ತಗಂಡೋಗಿ, ಇಲ್ಲಿ ಯಾರೂ ಕೇಳಲ್ಲ."

ಹೀಗೆ ಹಸುವಿನ ಜೊತೆ ಹಾಡೂ ಮನೆಗೆ ಬಂತು.

ಪ್ಲೇಟು ಎಂಬ ಮಾತು ಕೇಳಿ ಬಹಳ ವರ್ಷವಾಗಿತ್ತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಮದುವೆಯೆಂದರೆ ಹಿಂದಿನ ದಿನವೇ ಮೈಕ್ ಸೆಟ್ಟಿನವರು ಬರುತ್ತಿದ್ದರು. ತೆಂಗಿನ ಮರಕ್ಕೆ ಎರಡು ಹಾರನ್ ಕಟ್ಟಿ, ಚಪ್ಪರದ ಮೂಲೆಯಲ್ಲಿ ಒಂದು ಮೇಜು ಹಾಕಿ, ಅದರ ಮೇಲೆ ಪ್ಲೇಟು ತಿರುಗಿಸುವ ಪೆಟ್ಟಿಗೆ ಇಡುತ್ತಿದ್ದರು. ಉಳಿದ ಮಕ್ಕಳು ಲಾಡು ಕಟ್ಟುವ ಕಡೆ ಓಡಿದರೆ ನಾನು ಆ ಮೇಜಿನ ಬಳಿ ಕೂರುತ್ತಿದ್ದೆ. ಕಪ್ಪು ಪ್ಲೇಟು ತಿರುಗುವುದನ್ನು ನೋಡುತ್ತ ನೋಡುತ್ತ ತಲೆ ತಿರುಗಿ ಒಮ್ಮೆ ಅಲ್ಲೇ ವಾಂತಿ ಮಾಡಿಕೊಂಡೆನಂತೆ. "ಆ ಮನೆ ಹುಡುಗುನ್ನ ಪ್ಲೇಟಿನ ತಾವ ಬುಡಬ್ಯಾಡಿ ಕಣ್ರಪ್ಪ," ಎಂಬುದು ಅಲ್ಲಿಂದಾಚೆಗೆ ನಮ್ಮೂರಿನ ಮದುವೆಗಳ ಕಾಯಂ ಎಚ್ಚರಿಕೆಯಾಯಿತು.

ಪ್ಲೇಟು ಬಂದಮೇಲೆ ಪೆಟ್ಟಿಗೆ ಬೇಡವೇ? ಚಿಕ್ಕನಾಯಕನಹಳ್ಳಿಯಲ್ಲಿ ಶಾಮಿಯಾನ ಮತ್ತು ಮೈಕ್ ಸೆಟ್ ಅಂಗಡಿ ಇಟ್ಟಿರುವ ರಂಗಸ್ವಾಮಿಯ ಎಮ್ಮೆಗೆ ನಾನು ಒಮ್ಮೆ ಹೊಟ್ಟೆಯುಬ್ಬರ ಇಳಿಸಿದ್ದೆ. ಹೋಗಿ ಕೇಳಿದೆ. ಅವನು ಅಂಗಡಿಯ ಹಿಂಭಾಗದಲ್ಲಿ ಜಮಖಾನೆಗಳ ಅಡಿಯಿಂದ ಒಂದು ಪೆಟ್ಟಿಗೆ ಎಳೆದು, ಧೂಳು ಊದಿ, "ನಮ್ಮಪ್ಪನ ಕಾಲುದ್ದು. ಈಗೆಲ್ಲ ಪೆನ್‌ಡ್ರೈವು. ಇದುನ್ನ ಇಟ್ಕಂಡು ನಾನೇನ್ ಮಾಡ್ಲಿ, ತಗಳಿ," ಎಂದ. ಒಳಗಿನ ರಬ್ಬರ್ ಚಕ್ರ ಪುಡಿಪುಡಿಯಾಗಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಹೊಸ ಪಟ್ಟಿ ಹಾಕಿ, ನನ್ನೆದುರಿಗೇ ತಿರುಗಿಸಿ ತೋರಿಸಿದ. ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬ ಇಣುಕಿ, "ಇದೇನ್ ಸ್ವಾಮಿ, ಕರೆಂಟ್ ಒಲೇನಾ?" ಎಂದು ಕೇಳಿದ.

ಮನೆಯಲ್ಲಿ ಹಾಕಿ ಕೇಳಿದಾಗ ಮೊದಲ ಐದು ನಿಮಿಷ ನನಗೆ ಏನೂ ಅರ್ಥವಾಗಲಿಲ್ಲ. ಟೋಪಿಯವನು ಮೂಗಿನಲ್ಲಿ ಹಾಡುತ್ತಿದ್ದ. ನೆಗಡಿ ಬಂದವನಂತೆ. ಆಮೇಲೆ ಒಂದೊಂದೇ ಮಾತು ಬಿಡಿಸಿಕೊಂಡಾಗ ಆಶ್ಚರ್ಯವಾಯಿತು. ಮಳೆ ಬಂದಿಲ್ಲ. ಬೇಲಿ ಬಿದ್ದಿದೆ. ಅಮ್ಮ ಕಾಗದ ಬರೆದಿದ್ದಾಳೆ. ಕುದುರೆಗೆ ವಯಸ್ಸಾಯಿತು. ಹೆಂಡತಿ ಸಿಟ್ಟು ಮಾಡಿಕೊಂಡು ತವರಿಗೆ ಹೋದಳು. ದಿನಾ ಬೆಳಗ್ಗೆ ಪಶು ಆಸ್ಪತ್ರೆಯ ಜಗಲಿಯಲ್ಲಿ ಜನ ನನಗೆ ಹೇಳುವುದೂ ಇದನ್ನೇ. ಇವರು ಅದನ್ನು ಗಿಟಾರಿಗೆ ಸೇರಿಸಿ ಹೇಳುತ್ತಿದ್ದರು. ಇದಕ್ಕೆ ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಕಂಟ್ರಿ ಎಂದರೆ ದೇಶ ಎಂದುಕೊಂಡಿದ್ದೆ, ಹಳ್ಳಿ ಎಂದರ್ಥವಂತೆ.

ಚಟ ಹತ್ತಿತು. ಬೆಂಗಳೂರಿಗೆ ಮೀಟಿಂಗಿಗೆ ಹೋದರೆ ಮೀಟಿಂಗ್ ಮುಗಿಯುವ ಮೊದಲೇ ಎದ್ದು ಹಳೇ ಸಾಮಾನಿನ ಬೀದಿಗೆ ಹೋಗುತ್ತಿದ್ದೆ. ಟೋಪಿ, ಬೇಲಿ, ಕುದುರೆ, ಲಾರಿ, ಇವುಗಳಲ್ಲಿ ಯಾವುದಾದರೊಂದು ರಟ್ಟಿನ ಮೇಲಿದ್ದರೆ ಅದು ನಮ್ಮ ಜಾತಿಯ ಪ್ಲೇಟು. ಹೀಗೆ ಒಂದು ಕಪಾಟು ತುಂಬಿತು. ಪ್ಲೇಟುಗಳನ್ನು ಅಡ್ಡ ಪೇರಿಸಬಾರದು, ನಿಲ್ಲಿಸಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಕಲಿತೆ. ರಟ್ಟು ಇಲ್ಲದ ಪ್ಲೇಟನ್ನು, ಎಷ್ಟೇ ಚೆನ್ನಾಗಿರಲಿ, ಮನೆಗೆ ತರುತ್ತಿರಲಿಲ್ಲ. ಸಂಗ್ರಹ ಮಾಡುವವನಿಗೆ ಅದೊಂದು ಪಾಪ. ಕೋಡಿಲ್ಲದ ಹಸುವನ್ನು ಜಾತ್ರೆಗೆ ಹೊಡೆದುಕೊಂಡು ಹೋದ ಹಾಗೆ.

ಹೋದ ವರ್ಷ ಬೇಸಿಗೆಯಲ್ಲಿ ಬಾಬು ಸಾಬರು ಫೋನ್ ಮಾಡಿದರು. "ಸಾರ್, ನಿಮ್ದು ಮಾಲು ಬಂದೈತೆ. ಒಂದಲ್ಲ, ಆರು."

ಆಸ್ಪತ್ರೆಯಿಂದ ನೇರ ಹೋದೆ. ಒಂದು ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಣ ಕೊಬ್ಬರಿಯ ವಾಸನೆ ಮುಖಕ್ಕೆ ಹೊಡೆಯಿತು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ತನಕ ಹಾಗೇ ಬಿಡುತ್ತೇವೆ. ಒಳಗಿನ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು ಗುಂಡಗೆ ಉರುಳಾಡುವವರೆಗೆ. ಈ ಪೆಟ್ಟಿಗೆ ಅಂಥ ಅಟ್ಟದಲ್ಲಿ ಎಷ್ಟೋ ಬೆಳೆ ಕಂಡಿತ್ತು. ರಟ್ಟುಗಳಿಗೆ ಎಣ್ಣೆಯ ಜಿಡ್ಡು ಹತ್ತಿ ಹೊಳೆಯುತ್ತಿದ್ದವು. ಪ್ಲೇಟುಗಳು ಮಾತ್ರ ಗಟ್ಟಿಯಾಗಿದ್ದವು. ಆರೂ ಕಂಟ್ರಿ. ಅವುಗಳಲ್ಲೊಂದು, ಖಾಲಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬ ಕೂತಿರುವ ಚಿತ್ರದ್ದು, ನಾನು ಎಲ್ಲೂ ಕಾಣದ್ದು.

"ಹಾಲ್ಕುರಿಕೆದು," ಎಂದರು ಬಾಬು ಸಾಬರು. "ಹಳೇ ಮನೆ ಅಟ್ಟ ಖಾಲಿ ಮಾಡ್ತಾ ಇದ್ರು. ಹಂಡೆ, ಪಾತ್ರೆ ಜೊತೆ ಇದುನ್ನೂ ಹಾಕುದ್ರು."

ಮನೆಗೆ ಬಂದು ಆ ಬೆಂಚಿನ ಪ್ಲೇಟನ್ನು ತಿರುಗಿಸಿ ನೋಡಿದೆ. ರಟ್ಟಿನ ಹಿಂದೆ, ಮೇಲಿನ ಮೂಲೆಯಲ್ಲಿ, ಮಸಿ ಪೆನ್ನಿನಲ್ಲಿ ದುಂಡಗೆ ಬರೆದಿತ್ತು: "ಎಸ್. ಸಿದ್ದಗಂಗ, 7ನೇ ತರಗತಿ, ಹಾಲ್ಕುರಿಕೆ." ಕೆಳಗೆ ಒಂದು ಕೋಳಿಯ ಚಿತ್ರ.

ಹಾಲ್ಕುರಿಕೆ ನಮ್ಮ ಮನೆಯಿಂದ ದೂರವೇನಲ್ಲ. ಬಸ್ಸಿದೆ, ನನಗೆ ಕಾರೂ ಇದೆ. ಸಿದ್ದಗಂಗ ಯಾರು ಎಂದು ಅರಳಿಕಟ್ಟೆಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಗುಜರಿಗೆ ಹಾಕಿದ ಮೇಲೆ ಅವರಿಗೆ ಬೇಡ ಎಂದೇ ಅರ್ಥ ಎಂದುಕೊಂಡೆ. ಮಕ್ಕಳು ಕಂಡಕಂಡದ್ದರ ಮೇಲೆಲ್ಲ ಹೆಸರು ಬರೆಯುತ್ತವೆ ಎಂದೂ ಅಂದುಕೊಂಡೆ. ಅಸಲು ಕಾರಣ ನನಗೆ ಗೊತ್ತಿತ್ತು: ಕೇಳಿದರೆ ವಾಪಸ್ಸು ಕೊಡಬೇಕಾಗಬಹುದು. ಪ್ಲೇಟನ್ನು ಕಪಾಟಿನಲ್ಲಿ ಹೆಸರು ಗೋಡೆಯ ಕಡೆಗೆ ಬರುವಂತೆ ನಿಲ್ಲಿಸಿದೆ.

ಒಂದು ವರ್ಷ ಹಾಗೇ ಕಳೆಯಿತು. ಬೆಂಚಿನ ಪ್ಲೇಟಿನ ಮೊದಲ ಹಾಡು ನನಗೆ ಬಾಯಿಪಾಠವಾಯಿತು. ರೈಲು ತಪ್ಪಿಸಿಕೊಂಡವನ ಹಾಡು ಅದು. ಮುಂದಿನ ರೈಲು ಬರುವತನಕ ಇಲ್ಲೇ ಕೂತಿರುತ್ತೇನೆ, ನನಗೇನೂ ಅವಸರವಿಲ್ಲ ಎನ್ನುತ್ತಾನೆ. ಅವಸರವಿಲ್ಲ ಎಂಬುದು ಸುಳ್ಳೆಂದು ಅವನ ದನಿಯಲ್ಲೇ ತಿಳಿಯುತ್ತದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ದಬ್ಬೇಘಟ್ಟದಿಂದ ಮಹೇಶ ಎನ್ನುವವರು ಫೋನ್ ಮಾಡಿದರು. ತುರುವೇಕೆರೆಯ ಆಸ್ಪತ್ರೆಗೆ ನಾನು ವರ್ಗವಾಗಿ ಬಂದು ಆಗ ಎರಡೇ ತಿಂಗಳಾಗಿತ್ತು. ನಿನ್ನೆ ಕರು ಹಾಕಿದ ಹಸು ಬೆಳಗ್ಗೆಯಿಂದ ಎದ್ದಿಲ್ಲ, ಕತ್ತು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿದೆ ಎಂದರು. ಅಷ್ಟು ಕೇಳಿದರೆ ಸಾಕು. ಕರು ಹಾಕಿದ ಮೇಲೆ ಮೈಯ ಸುಣ್ಣವೆಲ್ಲ ಹಾಲಿಗೆ ಇಳಿದು ಹಸು ಕುಸಿಯುತ್ತದೆ. ತಡವಾದರೆ ಸಾಯುತ್ತದೆ, ಸಮಯಕ್ಕೆ ಕ್ಯಾಲ್ಸಿಯಂ ಸೇರಿದರೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ.

ಹೋದಾಗ ಹಸುವಿನ ಕಿವಿ ತಣ್ಣಗಿತ್ತು, ಕಣ್ಣು ಮಂಕಾಗಿತ್ತು. ಕೊಟ್ಟಿಗೆಯಲ್ಲಿ ಮಹೇಶನ ತಾಯಿ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅರವತ್ತೆಂಟು ಎಪ್ಪತ್ತರ ಗಟ್ಟಿ ಹೆಂಗಸು. "ಬದುಕ್ತದಾ ಡಾಕ್ಟ್ರೇ?" ಎಂದು ಕೇಳಿದರು.

"ನೋಡಾಣ ತಾಯಿ," ಎಂದು ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿದೆ. ಈ ಔಷಧ ಮೆಲ್ಲಗೆ ಹೋಗಬೇಕು. ಬೇಗ ಬಿಟ್ಟರೆ ಎದೆಬಡಿತವೇ ನಿಂತುಬಿಡುತ್ತದೆ. ಬಾಟಲಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಹಸುವಿನ ಎದೆಯ ಮೇಲಿಟ್ಟು ಮಂಡಿಯೂರಿ ಕೂತೆ. ಹಸು ಬೆದರಿ ಒಮ್ಮೆ ತಲೆ ಕೊಡವಿತು. ಆಗ ಆ ತಾಯಿ ಅದರ ಹಣೆ ಸವರುತ್ತ ಸಣ್ಣಗೆ ಹಾಡತೊಡಗಿದರು.

"ಐಲು ಸಿಟ್ಟು ರೈಟಿಯಾ... ತಿಲ್ಲ ತ್ರೇನು ಕಂಸಿನಾ..."

ಮೊದಲು ಯಾವುದೋ ದೇವರ ಪದ ಎಂದುಕೊಂಡೆ. ಬಹಳ ನಿಧಾನವಾಗಿ, ತಗ್ಗಿದ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಎಳೆದು ಹಾಡುತ್ತಿದ್ದರು. ಎರಡನೆಯ ಸಲ ಅದೇ ಸಾಲು ಬಂದಾಗ ಗುರುತು ಹತ್ತಿತು. ಐ'ಲ್ ಸಿಟ್ ರೈಟ್ ಹಿಯರ್, ಟಿಲ್ ದ ಟ್ರೇನ್ ಕಮ್ಸ್ ಇನ್. ನನ್ನ ಕಪಾಟಿನಲ್ಲಿದ್ದ ಬೆಂಚಿನವನ ಹಾಡು.

"ಈ ಹಾಡು ಎಲ್ಲಿ ಕಲಿತ್ರಿ ತಾಯಿ?" ಎಂದೆ.

"ಅಯ್ಯೋ, ಅದು ದೊಡ್ಡ ಕತೆ," ಎಂದು ಅವರು ನಕ್ಕರು. ಬಾಟಲಿ ಮುಗಿಯುವತನಕ ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಅವರೂ ಹಸುವಿನ ತಲೆ ಬಿಟ್ಟು ಏಳುವಂತಿರಲಿಲ್ಲ. ಕತೆ ಹೇಳಿದರು.

ಅವರು ಐದನೇ ಕ್ಲಾಸಿನಲ್ಲಿದ್ದಾಗ ಹಾಲ್ಕುರಿಕೆಗೆ ಒಬ್ಬ ಅಮೆರಿಕದವನು ಬಂದನಂತೆ. ಹಳ್ಳಿಯವರಿಗೆ ಕೋಳಿ ಸಾಕುವುದನ್ನು ಕಲಿಸುವುದು ಅವನ ಕೆಲಸ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಉದ್ದಕ್ಕೆ ಅಡಿಕೆ ಸಸಿಯಂತಿದ್ದ. ಊರಿನವರು ಅವನನ್ನು ಕೋಳಿ ದೊರೆ ಎನ್ನುತ್ತಿದ್ದರು. ಇವರ ತಂದೆ ಜಗಲಿಯ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟರು.

"ನಮ್ಮನೇಲಿ ಮೊಟ್ಟೆ ಮುಟ್ಟೋರಲ್ಲ. ನಮ್ಮಪ್ಪ ಅವ್ನಿಗೆ ಒಂದೇ ಮಾತು ಹೇಳ್ದ, ಕೋಳಿ ಕೆರೆ ಹಿಂದೆ ಇರ್ಲಿ, ನೀನು ಇಲ್ಲಿರು ಅಂತ. ಪಾಪ, ಹಂಗೇ ಇದ್ದ. ಮುದ್ದೆ ಉಣ್ಣೋದು ಕಲ್ತ. ಅವ್ನತ್ರ ಒಂದು ಹಾಡೋ ಪೆಟ್ಗೆ ಇತ್ತು, ಬ್ಯಾಟ್ರಿ ಶೆಲ್ಲಿಂದು. ಸಂಜೆ ಆದ್ರೆ ಜಗುಲಿ ಮೇಲೆ ಹಾಕೋನು. ನಮ್ಮಜ್ಜಿ ಮೊದ್ಲು ಬೈತಿದ್ಲು. ಆಮೇಲೆ ಇದು ಕಂಸನ ಕತೆ ಕಣ್ರೋ, ಹಾಡ್ಲಿ ಬುಡ್ರೋ ಅಂದ್ಲು."

"ಕಂಸನ ಕತೇನಾ?"

"ಹೂಂ. ಐಲು ಸಿಟ್ಟು ಕಂಸಿನಾ ಅಂತ ಐತಲ್ಲ. ಕಂಸುಂಗೆ ಐಲು ಹಿಡ್ದು ಸಿಟ್ಟು ಬಂದಿದ್ದು. ಅಲ್ವಾ?"

ನಾನು ಬಾಟಲಿಯ ಕಡೆ ನೋಡಿದೆ. ಇನ್ನೂ ಕಾಲು ಭಾಗ ಉಳಿದಿತ್ತು.

ಎರಡು ವರ್ಷವಾದ ಮೇಲೆ ಕೋಳಿ ದೊರೆ ತನ್ನ ಊರಿಗೆ ಹೋದ. ಹೋಗುವಾಗ ಪೆಟ್ಟಿಗೆ ಮತ್ತು ಆರು ಪ್ಲೇಟುಗಳನ್ನು ಈ ಹುಡುಗಿಗೆ ಕೊಟ್ಟ. ಮನೆಯಲ್ಲಿ ಅವನ ಹಾಡನ್ನು ಪೂರ್ತಿ ಕಲಿತವಳು ಇವಳೊಬ್ಬಳೇ. ಹೊಸ ಶೆಲ್ಲು ಬೇಕೆಂದರೆ ತಿಪಟೂರಿನಿಂದಲೇ ಬರಬೇಕು. ಯಾರು ತರುತ್ತಾರೆ? ಇದ್ದ ಶೆಲ್ಲುಗಳನ್ನೇ ಮಾಳಿಗೆಯ ಮೇಲೆ ಕೊಬ್ಬರಿಯ ಪಕ್ಕ ಬಿಸಿಲಿಗೆ ಒಣಗಿಸಿ ಒಣಗಿಸಿ ಹಾಕಿದಳು. ಕೊನೆಗೊಂದು ದಿನ ಪೆಟ್ಟಿಗೆ ನಿಂತುಹೋಯಿತು. ಪೆಟ್ಟಿಗೆಯನ್ನು ತಮ್ಮ ಬಿಚ್ಚಿ ಹಾಳುಮಾಡಿದ. ಪ್ಲೇಟುಗಳನ್ನು ಮರದ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಸೇರಿಸಿದರು. ಕೆಲವು ವರ್ಷ ಕಳೆದು ದಬ್ಬೇಘಟ್ಟಕ್ಕೆ ಮದುವೆಯಾಗಿ ಬಂದರು.

"ನನ್ ಮಕ್ಳುನ್ನೂ ಇದೇ ಹಾಡಿ ಮಲಗ್ಸಿದ್ದು, ದನಾನೂ ಇದೇ ಹಾಡಿ ಕರೆದಿದ್ದು. ಪ್ಲೇಟು ಇನ್ನೂ ಅವೆ, ಹಾಲ್ಕುರಿಕೆ ಅಟ್ಟದ ಮೇಲೆ. ನನ್ನ ಹೆಸ್ರು ಬರ್ದು ಮಡಗಿದೀನಿ. ಸಿದ್ದಗಂಗ ಅಂತ."

ಬಾಟಲಿ ಮುಗಿಯಿತು. ಸೂಜಿ ತೆಗೆದೆ. ಹಸು ಮೂಗಿನಿಂದ ಒಮ್ಮೆ ಜೋರಾಗಿ ಉಸಿರು ಬಿಟ್ಟು, ಮುಂಗಾಲು ಮಡಿಸಿ, ಹಿಂಗಾಲು ಊರಿ, ತಡವರಿಸಿ ಎದ್ದು ನಿಂತಿತು. ಮಹೇಶ ಕೈಮುಗಿದರು. ಸಿದ್ದಗಂಗಮ್ಮ ಹಸುವಿನ ಕೊರಳು ತಬ್ಬಿಕೊಂಡು, "ದೇವ್ರು ಬಂದಂಗೆ ಬಂದ್ರಿ ಕಣಪ್ಪ," ಎಂದರು. ಹಾಗೆ ಅನ್ನಿಸಿಕೊಳ್ಳುವುದು ನಮ್ಮ ಕಸುಬಿನಲ್ಲಿ ಆಗಾಗ ಇದ್ದದ್ದೇ. ಅವತ್ತು ಮಾತ್ರ ಅವರ ಮುಖ ನೋಡಲಾಗದೆ ಕೈ ತೊಳೆಯುವ ನೆಪದಲ್ಲಿ ತೊಟ್ಟಿಯ ಹತ್ತಿರ ಹೋದೆ.

ಮನೆಗೆ ಬಂದು ವಸುಧಾಳಿಗೆ ಎಲ್ಲ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಪೂರ್ತಿ ಕೇಳಿ, "ಇದ್ರಲ್ಲಿ ಯೋಚನೆ ಮಾಡೋದೇನಿದೆ? ಅವರ ಹೆಸರಿದೆ, ಅವರಿಗೆ ಕೊಡಿ," ಎಂದಳು.

"ಕೊಟ್ರೆ ಅವರ ತಮ್ಮ ಗುಜರಿಗೆ ಹಾಕಿದ್ದು ಗೊತ್ತಾಗುತ್ತೆ. ಅಕ್ಕ ತಮ್ಮನ ಜಗಳಕ್ಕೆ ನಾವು ಕಾರಣ ಆಗಬೇಕಾ?"

"ತಮ್ಮನ ವಿಷಯ ಬಿಡಿ. ನೀವು ಯಾರಿಗೆ ಹೆದರಿದ್ದೀರಿ?"

ಗಣಿತದವರ ಜೊತೆ ವಾದ ಮಾಡಬಾರದು. ಆದರೂ ಮೂರು ವಾರ ತಳ್ಳಿದೆ. ಮಳೆಗಾಲಕ್ಕೆ ಮುಂಚಿನ ಲಸಿಕೆ ಕೆಲಸ ಎಂದೆ, ಕಾರಿನ ಟೈರು ಸವೆದಿದೆ ಎಂದೆ. ನಾಲ್ಕನೆಯ ಭಾನುವಾರ ಬೆಳಗ್ಗೆ ಏಳುವ ಹೊತ್ತಿಗೆ ವಸುಧಾ ಪ್ಲೇಟು ತಿರುಗಿಸುವ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟಿದ್ದಳು, ಉರುಳದ ಹಾಗೆ ಎರಡು ಕಡೆ ದಿಂಬು ಕೊಟ್ಟು. ನಾನು ಬೆಂಚಿನ ಪ್ಲೇಟೊಂದನ್ನೇ ತೆಗೆದುಕೊಂಡೆ. ಉಳಿದ ಐದನ್ನು ಮುಟ್ಟಲಿಲ್ಲ. ಹೆಸರಿರುವುದು ಒಂದರ ಮೇಲೆ ಮಾತ್ರ ಎಂಬುದು ನನ್ನ ಲೆಕ್ಕ.

ಸಿದ್ದಗಂಗಮ್ಮನವರು ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಸೊಸೆಗೆ ಕಾಫಿ ಇಡಲು ಹೇಳಿದರು. ಹಸು ಚೆನ್ನಾಗಿದೆ, ಕರುವೂ ಚೆನ್ನಾಗಿದೆ ಎಂದರು. ನಾನು ಪೆಟ್ಟಿಗೆಯನ್ನು ಜಗಲಿಯ ಅಂಚಿಗಿಟ್ಟು, ಪ್ಲೇಟನ್ನು ಅವರ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಸೀರೆಯ ಸೆರಗಿನಿಂದ ಒರೆಸಿ, ತಿರುಗಿಸಿ ನೋಡಿದರು. ಬೆರಳು ಆ ಕೋಳಿಯ ಚಿತ್ರದ ಮೇಲೆ ನಿಂತಿತು.

"ಇದು ನಿಮ್ಗೆಲ್ಲಿ ಸಿಕ್ತು?"

"ತಿಪಟೂರು ಗುಜರಿ ಅಂಗಡೀಲಿ ತಾಯಿ."

"ಹೋದ ಗೌರಿ ಹಬ್ಬಕ್ಕೂ ಹೋಗಿದ್ದೆ. ಮಂಡಿನೋವು, ಅಟ್ಟ ಹತ್ತಕ್ಕಾಗ್ಲಿಲ್ಲ. ನನ್ ತಮ್ಮ ಏನೂ ಹೇಳ್ಲಿಲ್ಲ," ಎಂದರು. ಆಮೇಲೆ ತಲೆ ಎತ್ತಿ, "ನೀವು ಯಾವಾಗ ತಗಂಡಿದ್ದು?"

"ಒಂದು ವರ್ಷ ಆಯ್ತು."

"ಹೆಸ್ರು ನೋಡಿದ್ರಾ?"

"ನೋಡಿದ್ದೆ."

"ಊರು?"

"ಅದನ್ನೂ ನೋಡಿದ್ದೆ ತಾಯಿ. ಕೊಡಬೇಕಾಗುತ್ತೆ ಅಂತ ಸುಮ್ಮನಿದ್ದೆ."

ಹೇಳಿಬಿಟ್ಟೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳೆದುರು ನಾನು ಅಷ್ಟು ಚಿಕ್ಕವನಾಗಿ ನಿಂತದ್ದಿಲ್ಲ. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ, "ಪೆಟ್ಗೆ ತಂದಿದೀರಲ್ಲ, ಹಾಕಿ," ಎಂದರು.

ಕರೆಂಟಿತ್ತು. ಜಗಲಿಯ ಮೇಲೆ ಪೆಟ್ಟಿಗೆ ಇಟ್ಟು ಮುಳ್ಳು ಇಳಿಸಿದೆ. ಗಿಟಾರ್ ಬಂತು, ಹಾಡು ಶುರುವಾಯಿತು. ಸಿದ್ದಗಂಗಮ್ಮ ಮುಂದಕ್ಕೆ ಬಾಗಿ ಕೇಳಿದರು. ಒಂದು ಚರಣ ಮುಗಿಯಿತು. ಅವರ ಮುಖ ಅರಳುವ ಬದಲು ಕುಗ್ಗಿತು.

"ಇದಲ್ಲ ಕಣಪ್ಪ."

"ಇದೇ ತಾಯಿ. ಐಲು ಸಿಟ್ಟು ಅಂತ ಬರ್ತಿದೆಯಲ್ಲ."

"ಮಾತು ಅದೇ. ಹಾಡು ಅದಲ್ಲ. ಅವ್ನು ಹಿಂಗೆ ಓಡ್ತಿರ್ಲಿಲ್ಲ. ಇವ್ನ್ಯಾರೋ ಬ್ಯಾರೆ ಮನುಷ್ಯ."

ಐವತ್ತೈದು ವರ್ಷದ ಮೇಲೆ ಸಿಕ್ಕಿದ ಹಾಡು ಬೇರೆಯವರದ್ದಾಗಿತ್ತು. ಮತ್ತೆ ಹಾಕಿದೆ. ಮತ್ತೆ ತಲೆಯಾಡಿಸಿದರು. ಎದ್ದು ಒಳಗೆ ಹೋಗುವುದರಲ್ಲಿದ್ದರು. ಆಗ ನನಗೆ ಅವರು ಹೇಳಿದ್ದ ಶೆಲ್ಲಿನ ಮಾತು ಹೊಳೆಯಿತು. ಬಿಸಿಲಿಗೆ ಒಣಗಿಸಿ ಒಣಗಿಸಿ ಹಾಕಿದ ಶೆಲ್ಲು. ಅದರಲ್ಲಿ ಪ್ಲೇಟು ತಿರುಗಬೇಕಾದಷ್ಟು ತಿರುಗಿರಲಾರದು. ಇವರು ಕಲಿತದ್ದು ಸೋತ ಶೆಲ್ಲಿನ ಹಾಡು.

"ಒಂದ್ನಿಮಿಷ ತಾಯಿ, ಕೂತ್ಕಳಿ," ಎಂದು ಮುಳ್ಳನ್ನು ಮೊದಲಿಗೆ ಇಟ್ಟು, ತಿರುಗುವ ತಟ್ಟೆಯ ಅಂಚಿಗೆ ತೋರುಬೆರಳು ಮೆಲ್ಲಗೆ ಒತ್ತಿ ಹಿಡಿದೆ. ರಂಗಸ್ವಾಮಿಯ ಸೈಕಲ್ ಟ್ಯೂಬ್ ಕಿರುಗುಟ್ಟಿತು. ಬೆಂಚಿನವನ ದನಿ ಇಳಿಯಿತು. ಮೂಗಿನ ದನಿ ಹೋಗಿ ಎದೆಯ ದನಿ ಬಂತು. ಮಾತುಗಳು ಎಳೆದುಕೊಂಡು, ಒಂದಕ್ಕೊಂದು ಕಾದುಕೊಂಡು ಬರತೊಡಗಿದವು.

"ಇನ್ನೊಂಚೂರು," ಎಂದರು.

ಬೆರಳು ಇನ್ನಷ್ಟು ಒತ್ತಿದೆ.

"ಹಾ. ಸಾಕು."

ಸೊಸೆ ಕಾಫಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಸಿದ್ದಗಂಗಮ್ಮ ಕಣ್ಣು ಮುಚ್ಚಿಕೊಂಡು, ಅವನ ಜೊತೆಯಲ್ಲೇ, ಒಂದು ಅಕ್ಷರವೂ ಹಿಂದೆಮುಂದೆಯಾಗದಂತೆ ಹಾಡಿದರು. ನನ್ನ ಬೆರಳು ಉರಿಯುತ್ತಿತ್ತು. ಹಾಡು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅರ್ಥ ಏನು ಡಾಕ್ಟ್ರೇ ಇದು?" ಎಂದು ಕೇಳಿದರು.

ಹೇಳಿದೆ. ಕಂಸ ಇಲ್ಲ, ಸಿಟ್ಟೂ ಇಲ್ಲ. ರೈಲು ತಪ್ಪಿಸಿಕೊಂಡವನೊಬ್ಬ ಮುಂದಿನ ರೈಲಿಗೆ ಕಾಯುತ್ತ ಕೂತಿದ್ದಾನೆ, ಅಷ್ಟೆ.

ಅವರು ಯೋಚಿಸಿದರು. "ಅದುಕ್ಕೇ ಹಾಲು ಕರಿವಾಗ ಹಸ ಸುಮ್ಕೆ ನಿಂತ್ಕತದೆ," ಎಂದರು. ಆಮೇಲೆ ಇದ್ದಕ್ಕಿದ್ದಂತೆ, "ಮಿಕ್ಕಿದ್ದೈದು?"

"ಏನು ತಾಯಿ?"

"ಆರು ಇದ್ವಲ್ಲ. ಮಿಕ್ಕಿದ್ದೈದು ಎಲ್ಲವೆ?"

"ಮನೇಲಿ," ಎಂದೆ. ನನ್ನ ಮುಖ ನೋಡಿ ಅವರಿಗೆ ನಗು ಬಂತು. ಸೊಸೆಯೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಹೊರಡುವಾಗ ಪ್ಲೇಟನ್ನು ರಟ್ಟಿಗೆ ಹಾಕಿ ಅವರ ಮುಂದೆ ಇಟ್ಟೆ. ಅವರು ಪ್ಲೇಟನ್ನು ಹೊರಕ್ಕೆ ಎಳೆದು ನನಗೆ ಕೊಟ್ಟರು. "ನಾನು ಇದುನ್ನ ಇಟ್ಕಂಡು ಎಲ್ಲಿ ತಿರುಗುಸ್ಲಿ? ಹಾಡು ನಿಮ್ಮತ್ರ ಇರ್ಲಿ. ರಟ್ಟು ನನ್ನತ್ರ ಇರ್ತದೆ. ಮಿಕ್ಕಿದ್ದೈದೂ ನೀವೇ ಇಟ್ಕಳಿ, ಅವು ನಂಗೆ ಅಷ್ಟು ಸೇರ್ತಿರ್ಲಿಲ್ಲ," ಎಂದರು. ನನ್ನ ಫೋನ್ ನಂಬರನ್ನು ಸೊಸೆಯಿಂದ ತಮ್ಮ ಫೋನಿಗೆ ಹಾಕಿಸಿಕೊಂಡರು.

ಕಪಾಟಿನಲ್ಲಿ ಈಗ ಆ ಪ್ಲೇಟು ವಸುಧಾ ಬ್ರೌನ್ ಪೇಪರಿನಲ್ಲಿ ಮಾಡಿಕೊಟ್ಟ ಚೀಲದಲ್ಲಿದೆ. ನೋಡಲು ಬಂದವರು ಇದೊಂದಕ್ಕೆ ಯಾಕೆ ಹೀಗೆ ಎಂದು ಕೇಳಿದರೆ ರಟ್ಟು ಹರಿದುಹೋಯಿತು ಎನ್ನುತ್ತೇನೆ. ತಮ್ಮನ ಮನೆಗೆ ಅವರು ಹೋಗಿ ಜಗಳ ಆಡಿದರೋ, ಕೇಳಲೇ ಇಲ್ಲವೋ, ನನಗೆ ತಿಳಿಯದು.

ವಾರಕ್ಕೊಂದು ಸಲ, ಸಂಜೆ ಐದೂವರೆಗೆ, ಫೋನ್ ಬರುತ್ತದೆ. ಹಸು ಇವತ್ತು ಸೊರ ಬಿಡ್ತಿಲ್ಲ, ಹಾಲು ಇಳೀತಿಲ್ಲ ಎನ್ನುತ್ತಾರೆ. ಅದು ನೆಪವೆಂದು ಇಬ್ಬರಿಗೂ ಗೊತ್ತು. ನಾನು ಆಸ್ಪತ್ರೆಯಿಂದ ಬಂದಿದ್ದರೆ ಪೆಟ್ಟಿಗೆಯ ಪಕ್ಕ ಫೋನ್ ಇಟ್ಟು, ಮುಳ್ಳು ಇಳಿಸಿ, ಬೆರಳು ಒತ್ತುತ್ತೇನೆ. ತೋರುಬೆರಳಿನಲ್ಲಿ ಜಡ್ಡು ಕಟ್ಟಿದೆ. ಆ ಕಡೆ ಅವರು ಫೋನನ್ನು ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಾರೆ. ಆಮೇಲೆ ಚೊಂಬಿನ ತಳಕ್ಕೆ ಹಾಲು ಬೀಳುವ ಸದ್ದು ಕೇಳುತ್ತದೆ, ಸೊರ್‌ ಸೊರ್‌ ಎಂದು. ಅದು ಹಾಡಿಗಿಂತ ಬೇಗ ಓಡುತ್ತಿದ್ದರೂ ನಾನು ಬೆರಳು ಸಡಿಲ ಬಿಡುವುದಿಲ್ಲ. ಚೊಂಬು ತುಂಬುವತನಕ ಹಿಡಿದೇ ಇರುತ್ತೇನೆ.